ಪಕ್ಕದ ಕ್ವಾಟ್ರಸ್ ಕೆಡವಿ ಕಟ್ತಾರಂತೆ, ಲೆಟರ್‌ಗೆ ಸಹಿ ಹಾಕ್ಲಾ ಬೇಡ್ವಾ?

ಪ್ರಶ್ನೆ: ನಮ್ದು ಬೆಂಗಳೂರಿನ ಒಂದು ಹಳೇ ಲೇಔಟು, ಹೆಚ್ಚಾಗಿ ತರ್ಟಿ ಫಾರ್ಟಿ ಸೈಟುಗಳು. ನಮ್ಮ ಹಿಂದಿನ ರಸ್ತೆಗೆ ಅಂಟಿಕೊಂಡೇ ಸ್ಲಂ ಬೋರ್ಡಿನ ಎರಡಂತಸ್ತಿನ ಕ್ವಾಟ್ರಸ್ ಇದೆ, 96 ಮನೆ, ಕಟ್ಟಿ ಮೂವತ್ತೈದು ವರ್ಷ ಆಗಿರ್ಬೇಕು, ಸಜ್ಜೆ ಎಲ್ಲಾ ಉದುರ್ತಿದೆ. ಈಗ ಅದನ್ನ ಕೆಡವಿ ಅದೇ ಜಾಗದಲ್ಲಿ ಜಿ ಪ್ಲಸ್ ತ್ರೀ, ಅಂದ್ರೆ ಗ್ರೌಂಡ್ ಫ್ಲೋರ್ ಮೇಲೆ ಇನ್ನು ಮೂರು ಫ್ಲೋರು, 144 ಮನೆ ಕಟ್ತಾರಂತೆ. ನಮ್ಮ ಅಸೋಸಿಯೇಷನ್ ವಾಟ್ಸಾಪ್ ಗ್ರೂಪಲ್ಲಿ ಒಂದು ವಾರದಿಂದ ಅದೇ ಗಲಾಟೆ. ನೀರು ಸಾಲಲ್ಲ, ಯುಜಿಡಿ (ಒಳಚರಂಡಿ) ಉಕ್ಕುತ್ತೆ, ಸೈಟ್ ರೇಟ್ ಬೀಳುತ್ತೆ, ಸೇಫ್ಟಿ ಇರಲ್ಲ ಅಂತ ಲೆಟರ್ ಬರೆದು ಸಹಿ ತಗೋತಿದಾರೆ, ಆಗ್ಲಿಲ್ಲ ಅಂದ್ರೆ ಕೋರ್ಟ್ ಅಂತಿದಾರೆ. ನಮ್ಮನೆ ಕೆಲಸಕ್ಕೆ ಬರೋ ಅಕ್ಕ ಅಲ್ಲೇ ಇರೋದು. ಸಹಿ ಹಾಕೋಕೂ ಮನಸ್ಸಿಲ್ಲ, ಹಾಕದೆ ಅಕ್ಕಪಕ್ಕದವರ ಮುಖ ನೋಡೋಕೂ ಆಗ್ತಿಲ್ಲ. ಇದ್ರಲ್ಲಿ ನಿಜ ಎಷ್ಟು, ಸುಳ್ಳೆಷ್ಟು?

ಉತ್ತರ: ಮೇಡಂ, ನಾನು ಮೂವತ್ತು ವರ್ಷ ಇಂಥದೇ ಮನೆಗಳ ಎಸ್ಟಿಮೇಟು, ಡ್ರಾಯಿಂಗು, ಸೈಟು ಅಂತ ಓಡಾಡಿದ ಸಿವಿಲ್ ಇಂಜಿನಿಯರ್ರು, ಈಗ ರಿಟೈರ್ಡ್. ಇಂಥ ಮೀಟಿಂಗಲ್ಲಿ ಆ ಕಡೆ ಕೂತು ಬೈಸ್ಕೊಂಡಿದೀನಿ, ರಿಟೈರ್ ಆದ್ಮೇಲೆ ನಮ್ಮದೇ ಬಡಾವಣೆ ಸಂಘದಲ್ಲಿ ಈ ಕಡೆ ಕೂತು ಪ್ರಶ್ನೆ ಕೇಳಿದೀನಿ, ಹಾಗಾಗಿ ಎರಡೂ ಕಡೆ ಸಂಕಟ ಗೊತ್ತು. ನಿಮ್ಮ ಅಸೋಸಿಯೇಷನ್ ಲೆಟರಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿ ಇಟ್ಟಿದಾರೆ. ಒಂದು ಕಟ್ಟಡದ ಬಗ್ಗೆ, ಇನ್ನೊಂದು ಅದರೊಳಗೆ ಇರೋರ ಬಗ್ಗೆ. ಮೊದಲನೇದ್ರಲ್ಲಿ ಕೇಳಲೇಬೇಕಾದ ಪ್ರಶ್ನೆಗಳು ಬಹಳ ಇವೆ, ತಮಾಷೆ ಅಂದ್ರೆ ಅವೇ ನಿಮ್ಮ ಲೆಟರಲ್ಲಿ ಇಲ್ಲ.

ಮೊದಲು ಒಂದು ಮಾತು. ಇದು ಹೊಸ ಪ್ರಾಜೆಕ್ಟ್ ಅಲ್ಲ. ಖಾಲಿ ಜಾಗಕ್ಕೆ ಎಲ್ಲಿಂದಲೋ ಜನ ತಂದು ತುಂಬ್ತಿಲ್ಲ. ಆ 96 ಮನೆಯೋರು ನಿಮ್ಮಲ್ಲಿ ಎಷ್ಟೋ ಜನ ಸೈಟು ತಗೊಳೋಕೂ ಮುಂಚಿಂದ ಅಲ್ಲೇ ಇದಾರೆ, ಅವರ ಮಕ್ಕಳು ಮದುವೆ ಆಗಿ ಅದೇ ಒಂದು ರೂಮು ಒಂದು ಅಡುಗೆಮನೇಲಿ ಇನ್ನೊಂದು ಸಂಸಾರ ಮಾಡ್ತಿದಾರೆ. ಜಾಸ್ತಿ ಆಗೋ 48 ಮನೆ ಹೆಚ್ಚುಪಾಲು ಹಂಗೆ ಒಳಗೇ ಒತ್ತಿಕೊಂಡಿರೋರಿಗೆ ಹೋಗ್ಬೇಕು, ಹೋಗುತ್ತಾ ಅನ್ನೋದು ಬೇರೆ ಪ್ರಶ್ನೆ, ಆಮೇಲೆ ಬರ್ತೀನಿ. ಅಂದ್ರೆ 'ಬರ್ತಾರೆ' 'ತುಂಬ್ತಾರೆ' ಅಂತ ಗ್ರೂಪಲ್ಲಿ ಯಾರು ಹಾಕಿದ್ರೂ ಅದು ತಪ್ಪು ಕ್ರಿಯಾಪದ, ಅವರು ಬಂದು ಆಗಿದೆ.

ಈಗ ಯುಜಿಡಿ. ಇದು ಎಲ್ಲಾ ಲೇಔಟಲ್ಲೂ ಬರೋ ಮೊದಲನೇ ಆಕ್ಷೇಪಣೆ, ಲೆಕ್ಕ ಹಾಕಿ ನೋಡಿದೋರು ಕಮ್ಮಿ. ಒಂದು ಮನೆಗೆ ಐದು ಜನ ಅಂತ ಹಿಡೀರಿ, 144 ಮನೆಗೆ 720 ಜನ. ತಲೆಗೆ ದಿನಕ್ಕೆ 135 ಲೀಟರ್ ಅಂತ ನಾವು ಡಿಸೈನಿಗೆ ತಗೊಳೋದು, ನಿಜದಲ್ಲಿ ಕ್ವಾಟ್ರಸ್ಸಲ್ಲಿ ಅಷ್ಟು ನೀರು ಕಂಡೋರೇ ಇಲ್ಲ, ಇರಲಿ. ಒಟ್ಟು 97 ಸಾವಿರ ಲೀಟರ್ ಚಿಲ್ಲರೆ, ಅದ್ರಲ್ಲಿ ನೂರಕ್ಕೆ ಎಂಬತ್ತು ಪಾಲು ಚರಂಡಿಗೆ. ಬೆಳಿಗ್ಗೆ ಎಲ್ರೂ ಒಟ್ಟಿಗೆ ಬಚ್ಚಲಿಗೆ ಹೋಗ್ತಾರಲ್ಲ ಆ ಹೊತ್ತಿಗೆ ಮೂರು ಪಟ್ಟು ಅಂತ ಹಿಡಿದ್ರೂ ಸೆಕೆಂಡಿಗೆ 2.7 ಲೀಟರ್ ಬರುತ್ತೆ. ಎಂಟಿಂಚಿನ ಒಂದು ಸಾಧಾರಣ ಒಳಚರಂಡಿ ಪೈಪು, 250 ಅಡಿಗೆ ಒಂದಡಿ ಇಳಿಜಾರಿದ್ರೆ, ತುಂಬಿ ಹರಿದಾಗ ಸೆಕೆಂಡಿಗೆ ಹತ್ತಿರ ಹತ್ತಿರ 20 ಲೀಟರ್ ಎಳಕೊಂಡು ಹೋಗುತ್ತೆ. 2.7 ಎಲ್ಲಿ, 20 ಎಲ್ಲಿ. ಅದ್ರಲ್ಲೂ ಇದು ಪೂರ್ತಿ 144 ಮನೆ ಲೆಕ್ಕ, ಹೊಸದಾಗಿ ಸೇರೋದು ಅದರ ಮೂರನೇ ಒಂದು ಪಾಲು ಮಾತ್ರ.

ಹಾಗಾದ್ರೆ ಮಳೆ ಬಂದಾಗ ನಿಮ್ಮ ರಸ್ತೆ ಮ್ಯಾನ್‌ಹೋಲ್ ಯಾಕೆ ಉಕ್ಕುತ್ತೆ? ಯಾಕೆ ಅಂತ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಮುಂದಿನ ಸಲ ಜೋರು ಮಳೆ ಬಂದಾಗ ಛತ್ರಿ ಹಿಡ್ಕೊಂಡು ನಿಮ್ಮ ರಸ್ತೇಲಿ ಒಂದು ರೌಂಡ್ ಹೋಗಿ, ಪ್ರತೀ ಮನೆ ತಾರಸಿಯಿಂದ ಇಳಿಯೋ ಪಿವಿಸಿ ಪೈಪು ಎಲ್ಲಿಗೆ ಹೋಗುತ್ತೆ ನೋಡಿ. ಕೆಲವು ರಸ್ತೆಗೆ ಬಿಡ್ತವೆ, ಕೆಲವು ಮೋರಿಗೆ. ಬಹಳಷ್ಟು ಕಾಂಪೌಂಡ್ ಒಳಗೇ ಛೇಂಬರಿಗೆ ಸೇರಿಸಿರ್ತಾರೆ, ಅಂದ್ರೆ ಮಳೆ ನೀರು ನೇರ ಯುಜಿಡಿಗೆ. ಹಂಗೆ ಮಾಡೋ ಹಂಗಿಲ್ಲ, ಮೇಸ್ತ್ರಿ 'ಸಾರ್ ಇಲ್ಲೇ ಕೊಟ್ಬಿಡ್ತೀನಿ, ಅಂಗಳ ಒದ್ದೆ ಆಗಲ್ಲ' ಅಂತಾನೆ, ಓನರ್ರು ಸರಿ ಅಂತಾರೆ. ಒಂದು ಸಾವಿರ ಸ್ಕ್ವೇರ್ ಫೀಟ್ ತಾರಸಿ ಮೇಲೆ ಗಂಟೆಗೆ 50 ಮಿಲಿಮೀಟರ್ ಲೆಕ್ಕದಲ್ಲಿ ಮಳೆ ಹೊಡೆದ್ರೆ ಸೆಕೆಂಡಿಗೆ 1.3 ಲೀಟರ್ ನೀರು. ಎರಡು ಮನೆ ತಾರಸಿ ಸೇರಿದ್ರೆ 2.6. ಅಂದ್ರೆ ನಿಮ್ಮ ಬೀದಿಯ ಎರಡೇ ಎರಡು ಮನೆಯ ತಪ್ಪು ಪೈಪು, ಆ ಇಡೀ 144 ಸಂಸಾರದ ಬೆಳಗಿನ ಹೊತ್ತಿನ ಕೊಳಚೆಗೆ ಹೆಚ್ಚುಕಮ್ಮಿ ಸಮ. ಇದನ್ನ ಒಂದು ಮೀಟಿಂಗಲ್ಲಿ ಬೋರ್ಡ್ ಮೇಲೆ ಬರೆದು ತೋರಿಸಿದೆ, ಮುಂದಿನ ಸಾಲಲ್ಲಿ ಕೂತಿದ್ದ ಅಧ್ಯಕ್ಷರು ಫೋನ್ ಬಂತು ಅಂತ ಎದ್ದು ಹೋದ್ರು, ಅವರ ಮನೆ ಪೈಪು ಎಲ್ಲಿಗೆ ಹೋಗುತ್ತೆ ಅಂತ ನನಗೂ ಗೊತ್ತಿತ್ತು ಅವರಿಗೂ ಗೊತ್ತಿತ್ತು.

ಇದರರ್ಥ ಪೈಪು ಸರಿ ಇದೆ ಅಂತಲ್ಲ. ಹಳೇ ಸ್ಟೋನ್‌ವೇರ್ ಪೈಪಲ್ಲಿ ಜಾಯಿಂಟಿಗೆ ಬೇರು ನುಗ್ಗಿರುತ್ತೆ, ಹೂಳು ಅರ್ಧ ತುಂಬಿರುತ್ತೆ, 20 ಲೀಟರ್ ಹೋಗ್ಬೇಕಾದ ಕಡೆ ಐದು ಹೋದ್ರೆ ಪುಣ್ಯ. ಹಾಗಾಗಿ ಜಲಮಂಡಳಿಗೆ ಕೇಳ್ಬೇಕಾದ್ದು 'ಮನೆ ಕಟ್ಬೇಡಿ' ಅಂತಲ್ಲ, 'ಈ ಕಟ್ಟಡ ಏಳೋ ಮುಂಚೆ ಇಲ್ಲಿಂದ ಟ್ರಂಕ್ ಲೈನ್ (ಊರಿನ ದೊಡ್ಡ ಒಳಚರಂಡಿ ಪೈಪು) ತನಕ ಹೂಳೆತ್ತಿ, ಬೇಕಾದ್ರೆ ಪೈಪ್ ಬದಲಾಯಿಸಿ' ಅಂತ. ಪ್ರಾಜೆಕ್ಟ್ ಇರೋವಾಗಲೇ ಅದಕ್ಕೆ ದುಡ್ಡು ಹುಟ್ಟೋದು, ನಿಮ್ಮ ಲೇಔಟ್ ಒಂದೇ ಹೋಗಿ ಕೇಳಿದ್ರೆ ಅರ್ಜಿ ಮೇಲೆ ಅರ್ಜಿ ಕೂರುತ್ತೆ.

ನೀರಿನ ಲೆಕ್ಕವೂ ಹಿಂಗೇ. 48 ಮನೆ ಜಾಸ್ತಿ ಅಂದ್ರೆ 240 ಜನ, ದಿನಕ್ಕೆ 32 ಸಾವಿರ ಲೀಟರ್ ಹತ್ರ, ಆರು ಸಾವಿರದ ಟ್ಯಾಂಕರ್ ಲೆಕ್ಕದಲ್ಲಿ ಐದು ಲೋಡು ಚಿಲ್ಲರೆ. ಕಮ್ಮಿ ಏನಲ್ಲ, 2024ರ ಮಾರ್ಚಲ್ಲಿ ಟ್ಯಾಂಕರ್‌ಗೆ ಕಾದೋರಿಗೆ ಅದರ ಬೆಲೆ ಗೊತ್ತು. ಆದ್ರೆ ನಿಮ್ಮ ಲೇಔಟಲ್ಲಿ ಎಷ್ಟು ಪಿಜಿ ಇವೆ ಅಂತ ಎಣಿಸಿದೀರಾ? ತರ್ಟಿ ಫಾರ್ಟೀಲಿ ಐದು ಫ್ಲೋರ್ ಎತ್ತಿ 60 ಬೆಡ್ ಹಾಕಿರೋ ಪಿಜಿ ನಾಲ್ಕಿದ್ರೆ ಅಲ್ಲಿಗೆ 240 ಜನ, ಲೆಕ್ಕ ಚುಕ್ತಾ. ಆ ಪಿಜಿ ಕಟ್ಟುವಾಗ ಯಾರಾದ್ರೂ ಸಹಿ ಸಂಗ್ರಹ ಮಾಡಿದ್ರಾ? ಮಾಡಿರಲ್ಲ, ಯಾಕಂದ್ರೆ ಅದರ ಓನರ್ರು ಗ್ರೂಪಲ್ಲೇ ಇರ್ತಾರೆ, ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಮೆಸೇಜ್ ಹಾಕ್ತಾರೆ. ಕಾವೇರಿ ಐದನೇ ಹಂತ 2024ರ ಅಕ್ಟೋಬರಲ್ಲಿ ಶುರುವಾಯ್ತು, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ. ಅದು ಮುಖ್ಯವಾಗಿ ಆಮೇಲೆ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ, ನಿಮ್ಮ ಏರಿಯಾಗೆ ಅದರ ಲಾಭ ಎಷ್ಟು ಅಂತ ಜಲಮಂಡಳಿಯ ನಿಮ್ಮ ಏರಿಯಾ ಇಂಜಿನಿಯರ್ರೇ (ಎಇಇ) ಹೇಳ್ಬೇಕು. ಕೇಳಿ, ಲಿಖಿತವಾಗಿ ಕೇಳಿ.

ಸೈಟ್ ರೇಟು. ನಮ್ಮಲ್ಲಿ ಇದರ ಮೇಲೆ ಎಲ್ರೂ ಹೇಳೋದು ಬಾಯಿಮಾತು, ಬ್ರೋಕರ್ ಹೇಳಿದ್ದೇ ವೇದವಾಕ್ಯ. ಅಮೆರಿಕದಲ್ಲಿ ಕೂತು ಅಳೆದು ನೋಡಿದಾರೆ. ನ್ಯೂಜೆರ್ಸಿಯ ಮೌಂಟ್ ಲಾರೆಲ್ ಅನ್ನೋ ಊರಲ್ಲಿ ಬಡವರ ಮನೆ ಬೇಡ ಅಂತ ಊರೋರು ದಶಕಗಟ್ಟಲೆ ಹೋರಾಡಿದ್ರು, 1975ರಲ್ಲೇ ಅಲ್ಲಿನ ರಾಜ್ಯ ಸುಪ್ರೀಂ ಕೋರ್ಟು ಊರಿನ ವಿರುದ್ಧ ತೀರ್ಪು ಕೊಡ್ತು, ಅಷ್ಟಾದ್ರೂ ಮನೆ ಕಟ್ಟಿ ಮೊದಲ ಜನ ಒಳಗೆ ಹೋಗೋ ಹೊತ್ತಿಗೆ 2000 ಇಸವಿ ಬಂದಿತ್ತು. ಆಮೇಲೆ ಪ್ರಿನ್ಸ್‌ಟನ್ನಿನ ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸ್ಸಿ ಮತ್ತವರ ತಂಡ ಅಕ್ಕಪಕ್ಕದ ಮನೆ ರೇಟು, ಕ್ರೈಮು, ಟ್ಯಾಕ್ಸು ಎಲ್ಲಾ ಹೋಲಿಸಿ ನೋಡಿದ್ರೆ ಯಾವುದ್ರ ಮೇಲೂ ಪರಿಣಾಮ ಕಾಣ್ಲಿಲ್ಲ. ಅಕ್ಕಪಕ್ಕದವರಲ್ಲಿ ಎಷ್ಟೋ ಜನಕ್ಕೆ ಅಲ್ಲಿ ಅಂಥದೊಂದು ಕಾಲೋನಿ ಇದೆ ಅಂತಾನೇ ಗೊತ್ತಿರ್ಲಿಲ್ಲ. ಪೂರ್ತಿ ಒಂದೇ ಕಡೆ ಹೇಳ್ಬಾರ್ದು, 2019ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನದ ಪ್ರಕಾರ ಬಡ ಏರಿಯಾಗಳಲ್ಲಿ ಇಂಥ ಮನೆ ಕಟ್ಟಿದ್ರೆ ಪಕ್ಕದ ಮನೆ ಬೆಲೆ ನೂರಕ್ಕೆ 6.5ರಷ್ಟು ಏರ್ತಂತೆ, ಶ್ರೀಮಂತ ಏರಿಯಾಗಳಲ್ಲಿ 2.5ರಷ್ಟು ಇಳೀತಂತೆ. ಅದೆಲ್ಲ ಹೊಸದಾಗಿ ಕಟ್ಟಿದ್ದು. ನಿಮ್ಮಲ್ಲಿ ಸಜ್ಜೆ ಉದುರೋ ಕಟ್ಟಡ ಈಗಾಗ್ಲೇ ಇದೆ, ಅದರ ಜಾಗಕ್ಕೆ ಸುಣ್ಣಬಣ್ಣದ್ದು ಬಂದ್ರೆ ರೇಟು ಬೀಳೋದು ಹೆಂಗೆ ಅಂತ ನನಗಂತೂ ಅರ್ಥ ಆಗಲ್ಲ.

ಸೇಫ್ಟಿ ಬಗ್ಗೆ ನಾನು ಜಾಸ್ತಿ ಬರೆಯಲ್ಲ. ನಿಮ್ಮ ಮನೆ ಕೀಲಿ ಆ ಅಕ್ಕನ ಹತ್ರ ಇದೆ ಅಂತ ನನ್ನ ಊಹೆ.

ಈಗ ನಿಜವಾಗ್ಲೂ ಜಗಳ ಆಡ್ಬೇಕಾದ ವಿಷಯಕ್ಕೆ ಬರೋಣ. ಡ್ರಾಯಿಂಗ್ ನೋಡಿದ ತಕ್ಷಣ ನಾನು ಮೊದಲು ನೋಡೋದು ಎರಡು ಬ್ಲಾಕ್ ನಡುವೆ ಎಷ್ಟು ಜಾಗ ಬಿಟ್ಟಿದಾರೆ ಅಂತ. ಮುಂಬೈನ ಗೋವಂಡಿ, ಮಾನ್‌ಖುರ್ದ್ ಕಡೆ ಪುನರ್ವಸತಿ ಕಟ್ಟಡಗಳನ್ನ ಮೂರು ಮೀಟರ್ ಅಂತರಕ್ಕೆ ಕಟ್ಟಿ ಎತ್ತಿಬಿಟ್ರು, ಕೆಳಗಿನ ಫ್ಲೋರಿಗೆ ಹಗಲಲ್ಲೂ ಟ್ಯೂಬ್‌ಲೈಟ್, ಗಾಳಿ ಇಲ್ಲ. 2018ರಲ್ಲಿ ಬಂದ ಅಧ್ಯಯನ ಅಲ್ಲಿನ ಕೆಳ ಅಂತಸ್ತಿನ ಮನೆಗಳಲ್ಲಿ ಟಿಬಿ ಜಾಸ್ತಿ ಇರೋದಕ್ಕೂ ಈ ಗಾಳಿ ಬೆಳಕಿಲ್ಲದ ವಿನ್ಯಾಸಕ್ಕೂ ಸಂಬಂಧ ತೋರಿಸ್ತು. ಗುಡಿಸಲಿಂದ ಪಕ್ಕಾ ಮನೆಗೆ ಬಂದು ಕಾಯಿಲೆ ಹತ್ತಿಸ್ಕೊಳೋದು ಅಂದ್ರೆ ಯೋಚನೆ ಮಾಡಿ. ನಿಮ್ಮಲ್ಲಿ 96 ಮನೆ ಎರಡಂತಸ್ತಲ್ಲಿ ಅಂದ್ರೆ ಈಗ ನೆಲಮಟ್ಟಕ್ಕೆ 48 ಮನೆ, ಹೊಸದ್ರಲ್ಲಿ 144 ಮನೆ ನಾಲ್ಕು ಅಂತಸ್ತಲ್ಲಿ ಅಂದ್ರೆ ನೆಲಮಟ್ಟಕ್ಕೆ 36. ಈಗ ಕೊಡೋದು ಸುಮಾರು 30 ಚದರ ಮೀಟರಿನ ಮನೆ, ಹಳೇದಕ್ಕಿಂತ ದೊಡ್ಡದು, ಹಾಗಾಗಿ ಪೂರ್ತಿ ಕಾಲು ಭಾಗ ಜಾಗ ಉಳಿಯಲ್ಲ, ಆದ್ರೂ ಸ್ವಲ್ಪ ಉಳೀಬೇಕು. ಆ ಉಳಿದ ಜಾಗ ಡ್ರಾಯಿಂಗಲ್ಲಿ ಬ್ಲಾಕ್‌ಗಳ ನಡುವೆ ಇದೆಯಾ, ಅಥವಾ ಮೂಲೇಲಿ 'ಭವಿಷ್ಯದ ಬಳಕೆಗೆ' ಅಂತ ಚೌಕ ಹಾಕಿ ಬಿಟ್ಟಿದಾರಾ? ಎರಡನೇದಾದ್ರೆ ಇನ್ನೈದು ವರ್ಷಕ್ಕೆ ಅಲ್ಲೊಂದು ಕಾಂಪ್ಲೆಕ್ಸ್ ಏಳುತ್ತೆ, ಬರೆದಿಟ್ಕೊಳಿ.

ಕಾಮಗಾರಿ ಗುಣಮಟ್ಟ ಎರಡನೇದು. ಚೆನ್ನೈನ ಪುಳಿಯಂತೋಪಿನ ಕೆ.ಪಿ. ಪಾರ್ಕ್‌ನಲ್ಲಿ 2021ರಲ್ಲಿ ಹೊಸಾ ಬಹುಮಹಡಿ ಕಟ್ಟಡದ ಪ್ಲಾಸ್ಟರಿಂಗು ಕೈಲಿ ಮುಟ್ಟಿದ್ರೆ ಉದುರೋದು ಟಿವೀಲೆಲ್ಲಾ ಬಂತು, ನೋಡಿರ್ತೀರ. ಅದು ನೆರೆಹೊರೆಯೋರಿಗೂ ಸಂಬಂಧಪಟ್ಟ ವಿಷಯಾನೇ, ಯಾಕಂದ್ರೆ ಹದಿನೈದು ವರ್ಷಕ್ಕೆ ಮತ್ತೆ ಹಿಂಗೇ ಸಜ್ಜೆ ಉದುರೋ ಕಟ್ಟಡ ನಿಮ್ಮ ಹಿಂದಿನ ರಸ್ತೇಲಿ ಇರುತ್ತೆ. ಥರ್ಡ್ ಪಾರ್ಟಿ ಇನ್‌ಸ್ಪೆಕ್ಷನ್ ಯಾರು ಮಾಡ್ತಾರೆ, ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ನೋಡೋ ಕ್ಯೂಬ್ ಟೆಸ್ಟ್ ರಿಪೋರ್ಟ್ ಸೈಟಲ್ಲಿ ಅಂಟಿಸ್ತಾರಾ ಅಂತ ಕೇಳಿ. ಕ್ಯೂರಿಂಗ್‌ಗೆ ನೀರು ಎಲ್ಲಿಂದ ಅಂತಾನೂ ಕೇಳಿ, ಬೇಸಿಗೇಲಿ ಕಟ್ಟಿದ ಕಟ್ಟಡ ಹಾಳಾಗೋದು ಸಿಮೆಂಟ್ ಕದ್ದಿದ್ದಕ್ಕಿಂತ ಜಾಸ್ತಿ ನೀರು ಹಾಕದೇ ಇದ್ದಿದ್ದಕ್ಕೆ.

ಮೂರನೇದು, ಯಾರೂ ಕೇಳದೇ ಇರೋದು: ಮೋಟರ್ ಕರೆಂಟ್ ಬಿಲ್ ಯಾರು ಕಟ್ತಾರೆ? ನಗೋ ವಿಷಯ ಅಲ್ಲ. ಜಿ ಪ್ಲಸ್ ತ್ರೀ ಅಂದ್ರೆ ಸಂಪಿಂದ ನೀರು ಮೇಲೆ ಹೋಗ್ಬೇಕು. ಕಟ್ಟಡ ಹಸ್ತಾಂತರ ಆದ ಮೊದಲ ವರ್ಷ ಎಲ್ಲಾ ಚೆನ್ನಾಗಿರುತ್ತೆ. ಎರಡನೇ ವರ್ಷ ಕಾಮನ್ ಮೀಟರ್ ಬಿಲ್ ಹಂಚ್ಕೊಳೋದ್ರಲ್ಲಿ ಜಗಳ, ನಾಲ್ಕು ಮನೆಯೋರು ಕೊಡಲ್ಲ, ಕೊಟ್ಟೋರು ನಾವ್ಯಾಕೆ ಕೊಡ್ಬೇಕು ಅಂತ ನಿಲ್ಲಿಸ್ತಾರೆ, ಬೆಸ್ಕಾಂನೋರು ಬಂದು ಫ್ಯೂಸ್ ಕಿತ್ಕೊಂಡು ಹೋಗ್ತಾರೆ. ಆಮೇಲೆ ಮೂರನೇ ಫ್ಲೋರಿನ ಹೆಂಗಸ್ರು ಕೊಡ ಹೊತ್ಕೊಂಡು ಮೆಟ್ಟಿಲು ಹತ್ತೋದು, ಒಬ್ಬೊಬ್ಬರೇ ಸಣ್ಣ ಮೋಟರ್ ತಂದು ನೇರ ಲೈನಿಗೆ ಹಾಕೋದು, ಅದಾದ್ಮೇಲೆ ನಿಮ್ಮ ರಸ್ತೇಲಿ ಪ್ರೆಷರ್ ಕಮ್ಮಿ. ನೋಡಿ, ಎಲ್ಲಿಂದ ಎಲ್ಲಿಗೆ ಬಂತು. ನಾನು ಒಂದು ಕಡೆ ನೋಡಿದ್ದು, ನಾಲ್ಕನೇ ಬ್ಲಾಕಿನ ಒಬ್ಬ ಅಜ್ಜಿ ಬಾಲ್ಕನಿಗೆ ರಾಟೆ ಕಟ್ಟಿಸ್ಕೊಂಡಿದ್ರು, ಬಾವಿಗೆ ಕಟ್ತಾರಲ್ಲ ಹಂಗೆ, ಮೊಮ್ಮಗ ಕೆಳಗೆ ಬಿಂದಿಗೆ ತುಂಬಿಸಿ ಹಗ್ಗ ಅಲ್ಲಾಡಿಸಿದ್ರೆ ಇವರು ಮೇಲೆ ಎಳ್ಕೊಳೋರು. ನಾವು ಡಿಸೈನ್ ಮಾಡಿದ ಕಟ್ಟಡ ಅದು. ಹಾಗಾಗಿ ತಾರಸಿ ಮೇಲೆ ಸೋಲಾರ್ ಹಾಕಿ ಕಾಮನ್ ಮೀಟರಿಗೆ ಕೊಡಿ, ಮನೆ ಕೊಡೋ ಮುಂಚೇನೇ ನಿವಾಸಿಗಳ ಸಂಘ ನೋಂದಾಯಿಸಿ, ಬ್ಲಾಕಿಗೊಂದು ಪ್ರತ್ಯೇಕ ಮೀಟರ್ ಇಡಿ ಅಂತ ನಿಮ್ಮ ಲೆಟರಲ್ಲಿ ಬರಲಿ. ಅದು ಅವರಿಗೂ ಒಳ್ಳೇದು, ನಿಮ್ಮ ನಲ್ಲಿಗೂ ಒಳ್ಳೇದು.

ಇನ್ನು ಆ 48 ಮನೆ ಯಾರಿಗೆ. ಇದು ನಿಮಗಿಂತ ಒಳಗಿರೋರಿಗೇ ಜಾಸ್ತಿ ನಿದ್ದೆ ಕೆಡಿಸೋ ಪ್ರಶ್ನೆ. ಸರ್ವೆ ಲಿಸ್ಟಲ್ಲಿ ಹೆಸರು ಇದೆಯಾ, ಹಕ್ಕುಪತ್ರ ತಾತನ ಹೆಸರಲ್ಲಿದೆ ಮೊಮ್ಮಗನಿಗೆ ಬರುತ್ತಾ, ಇಪ್ಪತ್ತು ವರ್ಷದ ಹಿಂದೆ ಬರೀ ಛಾಪಾ ಕಾಗದದ ಮೇಲೆ ಬರೆಸ್ಕೊಂಡು ಕೊಂಡೋರ ಗತಿ ಏನು, ಬಾಡಿಗೆಗೆ ಇರೋರು ಎಲ್ಲಿಗೆ ಹೋಗ್ತಾರೆ. ಈ ಲಿಸ್ಟು ಕಟ್ಟಡ ಎದ್ದ ಮೇಲೆ ಕಾರ್ಪೊರೇಟರ್ ಮನೆ ಹಾಲಲ್ಲಿ ತಯಾರಾಗ್ಬಾರ್ದು. ಈಗಲೇ ಕ್ವಾಟ್ರಸ್ ಗೋಡೆ ಮೇಲೆ ಅಂಟಿಸಿ ಆಕ್ಷೇಪಣೆ ಕರೀಬೇಕು.

ಇಲ್ಲಿ ಇನ್ನೊಂದು ವಿಷಯ. ನೀವು ಲೇಔಟಿನೋರು ಮಾತ್ರ ಬೇಡ ಅಂತಿದೀರಿ ಅಂದ್ಕೊಂಡಿದೀರಿ, ಒಳಗಿರೋರಲ್ಲೂ ಎಷ್ಟೋ ಜನ ಒಳಗೊಳಗೇ ಬೇಡ ಅಂತಿರ್ತಾರೆ. ಅವರ ಕಣ್ಮುಂದೆ ಇರೋದು ಈಜಿಪುರ. ಅಲ್ಲಿ ಪಾಲಿಕೆ ಬಡವರಿಗೆ ಅಂತ ಕಟ್ಟಿಸಿದ್ದ ಇಡಬ್ಲ್ಯೂಎಸ್ ಕ್ವಾಟ್ರಸ್ ಹಾಳುಬಿತ್ತು, ಜಾಗದ ಒಂದು ಭಾಗ ಖಾಸಗಿಯೋರಿಗೆ ವಾಣಿಜ್ಯ ಕಟ್ಟಡಕ್ಕೆ ಬಿಟ್ಟು ಇನ್ನೊಂದು ಭಾಗದಲ್ಲಿ ಮನೆ ಕಟ್ಟಿಕೊಡೋ ಒಪ್ಪಂದ ಆಯ್ತು, 2013ರ ಜನವರೀಲಿ ಜೆಸಿಬಿ ಬಂದು ಸುಮಾರು ಒಂದೂವರೆ ಸಾವಿರ ಕುಟುಂಬಗಳನ್ನ ಎಬ್ಬಿಸ್ತು. ಎಷ್ಟೋ ಜನ ಕಾಂಪೌಂಡ್ ಪಕ್ಕದ ಫುಟ್‌ಪಾತಲ್ಲೇ ಟಾರ್ಪಾಲ್ ಕಟ್ಕೊಂಡು ವರ್ಷಾನುಗಟ್ಟಲೆ ಕೂತ್ರು, ಒಳಗೆ ಜಾಗ ಖಾಲಿ ಬಿದ್ದಿತ್ತು. ಆ ಕಥೆ ಬೆಂಗಳೂರಿನ ಎಲ್ಲಾ ಕ್ವಾಟ್ರಸ್ಸಿಗೂ ಗೊತ್ತು. ಹಾಗಾಗಿ 'ಹೊಸಾ ಮನೆ ಕೊಡ್ತೀವಿ, ಖಾಲಿ ಮಾಡಿ' ಅಂದ್ರೆ ಯಾರೂ ಕುಣಿಯಲ್ಲ, ಸೂರು ಉದುರ್ತಿದ್ರೂ ಅದರ ಕೆಳಗೇ ಮಲಗ್ತೀವಿ ಅಂತಾರೆ. ನಿಮ್ಮ ಮನೆಗೆ ಬರೋ ಅಕ್ಕನ್ನ ಕೇಳಿ ನೋಡಿ, ಅವರು ಮೊದಲು ಹೇಳೋದೇ 'ಅದುವರೆಗೂ ಎಲ್ಲಿರೋದಮ್ಮ' ಅಂತ.

ಇದಕ್ಕೇ ನಾನು ಕೋರ್ಟ್ ವಿಷಯದಲ್ಲಿ ಹೊತ್ತು ನೋಡಿ ಅನ್ನೋದು. ಒಂದು ಊರಲ್ಲಿ, ಹೆಸರು ಬೇಡ, 40 ಮನೆ ಕೆಡವಿ ಆಗಿತ್ತು, ಪಾಯ ತೆಗೆದು ಕಾಲಮ್ ರಾಡ್ ನಿಲ್ಲಿಸಿದ್ವಿ. ಆಗ ಪಕ್ಕದ ಬಡಾವಣೆಯೋರು ಸೆಟ್‌ಬ್ಯಾಕ್, ಅಂದ್ರೆ ಕಟ್ಟಡದ ಸುತ್ತ ಬಿಡ್ಬೇಕಾದ ಜಾಗ, ಕಮ್ಮಿ ಅಂತ ತಡೆಯಾಜ್ಞೆ ತಂದ್ರು. ತಕರಾರಲ್ಲಿ ಸತ್ಯ ಇತ್ತು, ಒಂದು ಕಡೆ ಮೂರಡಿ ಕಮ್ಮಿ ಇತ್ತು, ಡ್ರಾಯಿಂಗ್ ಹಂತದಲ್ಲೇ ಹೇಳಿದ್ರೆ ಒಂದು ಮಧ್ಯಾಹ್ನದ ಕೆಲಸ. ಈಗ ಹದಿನಾಲ್ಕು ತಿಂಗಳು ನಿಂತೋಯ್ತು. ಆ 40 ಸಂಸಾರ ಶಾಲೆ ಮೈದಾನದ ಪಕ್ಕ ತಗಡಿನ ಶೆಡ್ಡಲ್ಲಿ, ಎರಡು ಮಳೆಗಾಲ, ಎಲ್ರಿಗೂ ಸೇರಿ ನಾಲ್ಕು ಟಾಯ್ಲೆಟ್. ಪಾಯದ ಗುಂಡೀಲಿ ನೀರು ನಿಂತು ಸೊಳ್ಳೆ ಎದ್ದು ಡೆಂಗ್ಯೂ ಬಂದಿದ್ದು ಮೊದಲು ಕೇಸ್ ಹಾಕಿದ ಬಡಾವಣೆಗೇ. ರಾಡ್ ತುಕ್ಕು ಹಿಡೀತು, ಎಸ್ಸಾರ್ ರೇಟ್ (ಕಾಮಗಾರಿಗೆ ಸರ್ಕಾರ ಕಟ್ಟೋ ದರ) ಬದಲಾಯ್ತು, ಕಾಂಟ್ರಾಕ್ಟರ್ ಬಿಟ್ಟು ಹೋದ, ರೀಟೆಂಡರ್. ಕೊನೆಗೆ ಕಟ್ಟಿದ್ದು ಮೂರಡಿ ಒಳಗೆ ಸರಿಸಿದ ಅದೇ ಕಟ್ಟಡ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಕೆಡವೋಕೆ ಎರಡು ದಿನ ಸಾಕು. ಅದಕ್ಕೇ ತಕರಾರು ಏನಿದ್ರೂ ಕೆಡವೋ ಮುಂಚೆ. ಕೆಡವಿದ ಮೇಲೆ ತರೋ ಸ್ಟೇ ಯಾವ ಆಫೀಸರಿಗೂ ತಟ್ಟಲ್ಲ, ಶೆಡ್ಡಲ್ಲಿರೋರಿಗೆ ತಟ್ಟುತ್ತೆ. ನಾವು ಇಂಜಿನಿಯರ್ಗಳು ಆಗಲೂ ಸಂಬಳ ತಗೊಂಡ್ವಿ, ಸುಳ್ಳು ಯಾಕೆ ಹೇಳ್ಲಿ.

ಕಾನೂನು ಪ್ರಕಾರ ನಿಲ್ಸೋಕೆ ಆಗುತ್ತಾ? ನಾನು ಲಾಯರ್ ಅಲ್ಲ, ಅಫಿಡವಿಟ್ ತಯಾರು ಮಾಡೋಕೆ ಕೂತು ಕೂತು ಕಲ್ತಿದ್ದು ಹೇಳ್ತೀನಿ. ಸ್ಲಂ ಪ್ರದೇಶಗಳ ಅಭಿವೃದ್ಧಿಗೆ ಅಂತಾನೇ 1973ರ ಕರ್ನಾಟಕ ಕಾಯ್ದೆ ಇದೆ, ಮಂಡಳಿ ಹುಟ್ಟಿದ್ದೇ ಅದರಿಂದ. ಜಾಗ ಮಂಡಳಿದೇ ಆಗಿದ್ದು, ಮಾಸ್ಟರ್ ಪ್ಲಾನಲ್ಲಿ ವಸತಿ ಅಂತಲೇ ಇದ್ದು, ಮನೆ ಇದ್ದ ಕಡೆ ಮನೆ ಕಟ್ತಿದ್ರೆ 'ನಮ್ಮ ಏರಿಯಾ ಸ್ಟ್ಯಾಂಡರ್ಡ್ ಕಮ್ಮಿ ಆಗುತ್ತೆ' ಅನ್ನೋ ಕಾರಣ ಯಾವ ಕೋರ್ಟಲ್ಲೂ ನಿಲ್ಲಲ್ಲ. ಕ್ವಾಟ್ರಸ್ ಕಡೆಯವರ ಕೈಲಿ ಗಟ್ಟಿ ತೀರ್ಪುಗಳಿವೆ. 1985ರ ಓಲ್ಗಾ ಟೆಲಿಸ್ ಕೇಸಲ್ಲಿ ಸುಪ್ರೀಂ ಕೋರ್ಟು ಹೊಟ್ಟೆಪಾಡಿನ ಹಕ್ಕೂ ಬದುಕೋ ಹಕ್ಕಿನ ಭಾಗ ಅಂತು, ಸೂರಿನ ಹಕ್ಕೂ ಅದರೊಳಗೇ ಬರುತ್ತೆ ಅಂತ 1995ರ ಡಿಸೆಂಬರಿನ ಚಮೇಲಿ ಸಿಂಗ್ ಕೇಸಲ್ಲಿ ಹೇಳ್ತು. ನಿಲ್ಲೋ ಕಾರಣಗಳು ಬೇರೆ: ಕಟ್ಟೋ ಜಾಗದಲ್ಲಿ ಪಾರ್ಕ್ ತುಂಡು ಸೇರಿಸ್ಕೊಂಡಿದಾರಾ, ಅದಕ್ಕೆ 1985ರ ಉದ್ಯಾನ, ಆಟದ ಮೈದಾನ ಕಾಯ್ದೆ ಇದೆ. ರಾಜಕಾಲುವೆ ಬಫರ್, ಅಂದ್ರೆ ಕಾಲುವೆ ಪಕ್ಕ ಕಟ್ಟದೆ ಬಿಡ್ಬೇಕಾದ ಜಾಗದ ಒಳಗೆ ಬರುತ್ತಾ. ಮರ ಕಡಿಯೋಕೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ತಗೊಂಡಿದಾರಾ. ಸೆಟ್‌ಬ್ಯಾಕು, ಫೈರ್ ಇಂಜಿನ್ ತಿರುಗೋ ರಸ್ತೆ. ಇದ್ರಲ್ಲಿ ಯಾವುದಾದ್ರೂ ತಪ್ಪಿದ್ರೆ ಹೇಳೋದು ನಿಮ್ಮ ಹಕ್ಕು, ಒಳಗಿರೋರಿಗೂ ಉಪಕಾರ.

ಹಾಗಾಗಿ ಸಹಿ. ಈಗಿರೋ ಲೆಟರಿಗೆ ಹಾಕ್ಬೇಡಿ. ಸುಮ್ನೆ 'ನಾನು ಹಾಕಲ್ಲ' ಅಂತ ಅಂದು ಗ್ರೂಪಲ್ಲಿ ಎಲ್ರ ಕಣ್ಣಿಗೂ ಬೀಳೋ ಬದಲು, 'ನೀರು, ಯುಜಿಡಿ, ಬ್ಲಾಕ್ ಅಂತರ, ಮೇಂಟೆನೆನ್ಸ್ ಬಗ್ಗೆ ಬೇರೆ ಲೆಟರ್ ಬರೆಯೋಣ, ಅದಕ್ಕೆ ಮೊದಲ ಸಹಿ ನಂದು' ಅಂತ ಹೇಳಿ ನೋಡಿ. ನನ್ನ ಅನುಭವದಲ್ಲಿ ಗ್ರೂಪಲ್ಲಿ ಕೂಗಾಡೋರು ಐದಾರು ಜನ, ಬಾಕಿ ಎಲ್ಲಾ ನಿಮ್ಮ ಥರಾನೇ ಏನು ಹೇಳ್ಬೇಕು ಗೊತ್ತಾಗದೆ ಥಂಬ್ಸ್ ಅಪ್ ಒತ್ತಿರ್ತಾರೆ. ಆ ಲೆಟರಿಗೆ ಕ್ವಾಟ್ರಸ್ ಕಡೆಯಿಂದಲೂ ಹತ್ತು ಸಹಿ ಬಂದ್ರೆ ಅದರ ತೂಕವೇ ಬೇರೆ. ಎರಡೂ ಕಡೆಯೋರು ಒಟ್ಟಿಗೆ ಬಂದು ನಿಂತ ದಿನ ನಾವು ಆಫೀಸಲ್ಲಿ ಕುರ್ಚಿ ಹುಡುಕ್ತಿದ್ವಿ, ಒಬ್ಬರೇ ಬಂದ್ರೆ ಟಪಾಲಲ್ಲಿ ಕೊಟ್ಟು ಹೋಗಿ ಅಂತಿದ್ವಿ. ಭಾನುವಾರ ಬೆಳಿಗ್ಗೆ ನೀರು ಬಿಡೋ ಹೊತ್ತಿಗೆ ಅಕ್ಕನ ಜೊತೆ ಒಂದು ಸಲ ಒಳಗೆ ಹೋಗಿ ಬನ್ನಿ, ಮೆಟ್ಟಿಲ ಕೆಳಗೆ ಪೈಪ್ ಎಲ್ಲಿ ಸೋರ್ತಿದೆ, ಯಾವ ಸಜ್ಜೆಗೆ ಮರದ ಕಂಬ ಆನಿಸಿದಾರೆ ಅಂತ ಕಣ್ಣಾರೆ ನೋಡಿದ್ರೆ ಲೆಟರ್ ಬರೆಯೋದು ಸುಲಭ.

ಅದಕ್ಕೂ ಮುಂಚೆ ಕಾಗದ ಕೈಗೆ ಬರಲಿ, ಗ್ರೂಪಲ್ಲಿ ಓಡಾಡ್ತಿರೋ 144 ಅನ್ನೋ ಅಂಕೀನೇ ಸರಿ ಇದೆಯೋ ಇಲ್ವೋ. ಮಂಡಳಿಯ ಮಾಹಿತಿ ಅಧಿಕಾರಿಗೆ ಆರ್‌ಟಿಐ ಹಾಕಿ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಮೂವತ್ತು ದಿನ ಟೈಮು. ಡಿಪಿಆರ್ (ಯೋಜನೆಯ ಪೂರ್ತಿ ವರದಿ), ಲೇಔಟ್ ಡ್ರಾಯಿಂಗು, ಜಲಮಂಡಳಿ ಎನ್‌ಒಸಿ ಪ್ರತಿ ಕೇಳಿ. ತಾತ್ಕಾಲಿಕ ವಸತಿ ಎಲ್ಲಿ, ಎಷ್ಟು ತಿಂಗಳಿಗೆ ಅನ್ನೋ ಆದೇಶದ ಪ್ರತಿಗೆ ಮಾತ್ರ ಬೇರೆ ಅರ್ಜಿ ಹಾಕಿ, ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರ್ಬೇಕು, ಎರಡನ್ನೂ ಒಂದರಲ್ಲೇ ತುರುಕಿದ್ರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸ್ತಾರೆ.